ಬಂದ ಮೇಲೆ

ಸಿಂಗಸಂದ್ರದ ಹಿರಿಯ ಹೆಂಗಸರು ಕಾಲವನ್ನು ಅಳೆಯುವುದೇ ‘ಎಲೆಕ್ಟ್ರಾನಿಕ್ ಸಿಟಿ ಬಂದ ಮೇಲೆ’ ಎಂದು. ಹೊಸೂರು ರಸ್ತೆಯ ಬದಿಯಲ್ಲಿ ಕಿಯೋನಿಕ್ಸ್ 1978ರಲ್ಲಿ 332 ಎಕರೆಗಳಲ್ಲಿ ಆರಂಭಿಸಿದ ಆ ಕೈಗಾರಿಕಾ ನಗರ ಬಂದ ಮೇಲೆ ಬಾವಿ ಬತ್ತಿತು. ಬಂದ ಮೇಲೆ ಮಗನಿಗೆ ಕೆಲಸ ಸಿಕ್ಕಿತು. ಈ ‘ಮೇಲೆ’ ಕಾಲವನ್ನು ಹೇಳುತ್ತಿದೆಯೋ, ಕಾರಣವನ್ನೋ? ಹೇಳುವವರಿಗೂ ಅದು ಬೇರೆ ಬೇರೆಯಲ್ಲ. ‘ನೀವೇ ಕರೆದ ಮೇಲೆ ಬರದಿರಲಾದೀತೆ’ ಎನ್ನುವಾಗ ಗಡಿಯಾರದ ಮಾತೇ ಇಲ್ಲ, ಬರೀ ಕಾರಣ.

ಇಂಗ್ಲಿಷಿನ ‘ಸಿನ್ಸ್’ ನಮ್ಮ ಈ ‘ಮೇಲೆ’ಯ ಅಕ್ಕ ಎನ್ನಬಹುದು. ‘ಅದಾದ ನಂತರ’ ಎಂಬ ಅರ್ಥದ ಹಳೆಯ ಪದವೊಂದು ಸವೆದು ಸವೆದು ಅದಾಯಿತು. ಹೊಸ ವರ್ಷದ ರಾತ್ರಿ ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ನಲ್ಲಿರುವ ‘ಸೈನ್’ ಕೂಡ ಅದೇ ಮನೆಯ ಸ್ಕಾಟಿಷ್ ಕೂಸು. ಒಂದರ ಹಿಂದೆ ಒಂದು ನಡೆದದ್ದನ್ನು ಒಂದರಿಂದ ಒಂದು ನಡೆಯಿತೆಂದು ಎಣಿಸುವುದು ಮನುಷ್ಯರ ಸ್ವಭಾವವಷ್ಟೆ. ಕಾರಣದ ಅರ್ಥವೂ ಅದಕ್ಕೆ ಅಂಟಿಕೊಂಡಿತು.

ನಮ್ಮವರು ಎಡವುವುದು ಬೇರೆ ಕಡೆ. ‘ಹತ್ತು ವರ್ಷದಿಂದ’ ಎನ್ನಲೂ ‘1998ರಿಂದ’ ಎನ್ನಲೂ ಕನ್ನಡಕ್ಕೆ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ದಿನಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ‘ಇದ್ದೇನೆ’ ಎಂಬ ನಮ್ಮ ವರ್ತಮಾನವೂ ಅಲ್ಲಿ ನಡೆಯದು. ‘ಐ ಆಮ್ ವರ್ಕಿಂಗ್ ಸಿನ್ಸ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್’. ಕಾರಣ ಹೇಳುವ ‘ಸಿನ್ಸ್’ಗೆ ಈ ಕಟ್ಟುಪಾಡಿಲ್ಲ, ಯಾವ ಕಾಲದ ಕ್ರಿಯಾಪದವಾದರೂ ಸರಿ.

ಇದೆಲ್ಲ ವ್ಯಾಕರಣ ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಇದೇ ಹೊಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯ ಹತ್ತಿರ, ಗಾರ್ಮೆಂಟ್ಸ್‌ನ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಸೂಜಿ ಹಿಡಿದ ಕೈಗಳಿಗೆ ಆ ಪಿ.ಎಫ್. ಹಣವೇ ಮಗಳ ಮದುವೆ, ಮನೆಯ ಮುಂಗಡ, ಆಸ್ಪತ್ರೆ ಎಲ್ಲವೂ.

ಆ ಹಣಕ್ಕೆ ಬರೆಯುವ ಅರ್ಜಿಯಲ್ಲಿ ಕೆಲಸ ಬಿಟ್ಟ ದಿನಾಂಕ ಒಂದು ಕಡೆ, ಬಿಟ್ಟ ಕಾರಣ ಇನ್ನೊಂದು ಕಡೆ. ‘ಮೇಲೆ’ ಕೂಡಿಸಿದ್ದನ್ನು ಅರ್ಜಿ ಬೇರ್ಪಡಿಸುತ್ತದೆ. ನಮ್ಮ ಬೀದಿಯ ಟೈಲರ್ ಒಬ್ಬಳು ಒಮ್ಮೆ ಇಂಗ್ಲಿಷ್ ಕಾಗದ ಬರೆಸಿಕೊಳ್ಳಲು ಬಂದಳು.

“ಫ್ಯಾಕ್ಟರಿ ಬೇರೆ ಕಡೆಗೆ ಹೋದ ಮೇಲೆ ನಾನು ಹೋಗಿಲ್ಲ ಟೀಚರಮ್ಮ, ಹಂಗೇ ಬರೀರಿ.”

‘ಸಿನ್ಸ್’ ಹಾಕಿ ಒಂದೇ ವಾಕ್ಯದಲ್ಲಿ ಮುಗಿಸಬಹುದಿತ್ತು. ಓದುವ ಗುಮಾಸ್ತರು, ಫ್ಯಾಕ್ಟರಿ ದೂರವಾಯಿತೆಂದು ಬಿಟ್ಟಳು ಎಂದುಕೊಳ್ಳಬಹುದಿತ್ತು.

“ಅದು ಹೋಯ್ತು ಅಂತ ಬಿಟ್ಟೆಯಾ, ಇಲ್ಲಾ ಆ ಹೊತ್ತಿಗೆ ಬಿಟ್ಟೆಯಾ?”

“ಆ ಹೊತ್ತಿಗೆ. ಅತ್ತೆಗೆ ಲಕ್ವ ಹೊಡೆದಿತ್ತು. ಬಸ್ಸಿನಲ್ಲಿ ಎಷ್ಟು ದೂರ ಆದ್ರೂ ಹೋಗ್ತಿದ್ದೆ.”

ಎರಡು ವಾಕ್ಯ ಬರೆದೆವು. ಮೊದಲನೆಯದರಲ್ಲಿ ತಾರೀಖು, ಅದರ ಜೊತೆಗೆ ‘ಸಿನ್ಸ್’. ಎರಡನೆಯದರಲ್ಲಿ ಯಾರಿಗೂ ಅನುಮಾನ ಬಾರದಂತೆ ‘ಬಿಕಾಸ್’. ಅತ್ತೆಯ ಹೆಸರೂ ಬೇಕೇ ಎಂದು ಕೇಳಿದಳು. ಬೇಡವೆಂದೆ.