ಹಳೆ ಕಿಟಕಿ ತೆಗೆದು ಹೊಸದನ್ನು ನಾವೇ ಕೂರಿಸಬಹುದೇ? ಆರ್ಡರ್ ಕೊಡುವ ಮುನ್ನ ಇಷ್ಟು ನೋಡಿ

ಹಳೆಯ ಮರದ ಕಿಟಕಿ ತೆಗೆದು ಯುಪಿವಿಸಿ ಕಿಟಕಿ ಕೂರಿಸುವ ಕೆಲಸ ಮೊಬೈಲ್ ವಿಡಿಯೊಗಳಲ್ಲಿ ಐದೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಗಾದರೆ ಕೂಲಿ ಉಳಿಸಿ ನಾವೇ ಮಾಡಬಹುದಲ್ಲವೇ? ನೆಲಮಹಡಿಯ ಸಣ್ಣ ಕಿಟಕಿಯಾದರೆ, ಕೆಲಸ ಗೊತ್ತಿರುವ ಇಬ್ಬರು ಸೇರಿ ಮಾಡಬಹುದು. ಆದರೆ ಹಳೆಯ ಕಿಟಕಿಗೆ ಉಳಿ ಹಾಕುವ ಮೊದಲೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವಿಡಿಯೊದಲ್ಲಿ ಕಾಣದಿರುವುದು ಅವೇ.

ಮೇಲಿನ ಭಾರ ಹೊತ್ತಿರುವುದು ಯಾವುದು?

ಕಿಟಕಿಯ ಮೇಲಿನ ಗೋಡೆಯ ಭಾರವನ್ನು ಲಿಂಟೆಲ್ ಹೊರಬೇಕು, ಚೌಕಟ್ಟಲ್ಲ. ಆದರೆ ಹಳೆಯ ಮಣ್ಣಿನ ಗೋಡೆಯ ಅಥವಾ ಹೆಂಚಿನ ಮನೆಗಳಲ್ಲಿ ಕೆಲವೊಮ್ಮೆ ಮರದ ಚೌಕಟ್ಟೇ ಆಸರೆಯಾಗಿರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದ್ದರೆ, ಮೇಲಿನ ಮರ ಬಾಗಿದ್ದರೆ, ಚೌಕಟ್ಟನ್ನು ಮುಟ್ಟಬೇಡಿ. ಮೊದಲು ಸಿವಿಲ್ ಎಂಜಿನಿಯರ್‌ಗೆ ತೋರಿಸಿ.

ಹಳೆಯ ಬಣ್ಣದ ಪುಡಿ ಅಪಾಯವೇ?

ಹೌದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ಮಿತಿ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾಗಿ ಒಣ ಬಣ್ಣವನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಡಿ, ಸುಡಬೇಡಿ. ನೀರು ಚಿಮುಕಿಸಿ ಕೆರೆಯಿರಿ. ಎನ್‌95 ಮಾಸ್ಕ್ ಹಾಕಿಕೊಳ್ಳಿ. ಮಕ್ಕಳು, ಗರ್ಭಿಣಿಯರು ಆ ಕೋಣೆಯ ಹತ್ತಿರ ಬರದಿರಲಿ. ಕೊನೆಗೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಅಳತೆ ಹೇಗೆ?

ಹಳೆಯ ಚೌಕಟ್ಟಿನ ಅಳತೆ ಕೊಟ್ಟರೆ ಸಾಲದು, ಗೋಡೆಯ ತೆರಪನ್ನೇ ಅಳೆಯಬೇಕು. ಅಂಚು ಕಾಣದಿದ್ದರೆ ಸ್ವಲ್ಪ ಪ್ಲಾಸ್ಟರ್ ಬಿಡಿಸಿ ನೋಡಿ.

• ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ.
• ಎತ್ತರವನ್ನು ಎಡ, ನಡು, ಬಲದಲ್ಲಿ ಅಳೆಯಿರಿ.
• ಎರಡರಲ್ಲೂ ಅತಿ ಕಡಿಮೆ ಬಂದ ಅಳತೆಯನ್ನೇ ಹಿಡಿಯಿರಿ.
• ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ ಬಂದರೆ ತೆರಪು ಸೊಟ್ಟಗಿದೆ ಎಂದರ್ಥ.

ಸುತ್ತಲೂ ಸಂದು ಬಿಡಲೇಬೇಕು, ಏಕೆಂದರೆ ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. 2 ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 3ರಿಂದ 4 ಮಿಲಿಮೀಟರ್ ಉದ್ದವಾಗುತ್ತದೆ. ಎಷ್ಟು ಸಂದು ಬೇಕೆಂದು ತಯಾರಕರನ್ನೇ ಕೇಳಿ. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲ. ಅಳತೆ ತಪ್ಪಿದರೆ ಹಣ ಹೋದಂತೆಯೇ.

ಫೋಮ್ ಹೊಡೆದರೆ ಕಿಟಕಿ ನಿಲ್ಲುತ್ತದೆಯೇ?

ಇಲ್ಲ. ಪಿಯು ಫೋಮ್ ಇರುವುದು ಸಂದು ತುಂಬಲು. ಕಿಟಕಿಯನ್ನು ಹಿಡಿದಿಡುವುದು ಗೋಡೆಯೊಳಗೆ ಹೋಗುವ ಆಂಕರ್ ಸ್ಕ್ರೂಗಳು. ಬಿಸಿಲು ಬಿದ್ದರೆ ಫೋಮ್ ಪುಡಿಯಾಗುವುದರಿಂದ ಹೊರಗಡೆ ಸೀಲೆಂಟ್ ಹಚ್ಚಬೇಕು. ಸೀಲೆಂಟ್ ಒದ್ದೆ ಗೋಡೆಗೆ ಸರಿಯಾಗಿ ಅಂಟದು, ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ.

ಕೆಳಗಿನ ಸಣ್ಣ ತೂತು ಮುಚ್ಚಬೇಕೇ?

ಬೇಡ. ಅದು ತಯಾರಿಕೆಯ ದೋಷವಲ್ಲ. ಹಳಿಯಲ್ಲಿ ನಿಂತ ಮಳೆನೀರು ಹೊರಹೋಗುವ ದಾರಿ ಅದು. ಸಿಲಿಕೋನ್ ಹಾಕಿ ಮುಚ್ಚಿದರೆ ನೀರು ಮನೆಯೊಳಗೇ ಬರುತ್ತದೆ.

ಯಾವಾಗ ನೀವೇ ಮಾಡಬಾರದು?

5 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ 12.5 ಕೆ.ಜಿ. ತೂಗುತ್ತದೆ. 4 ಅಡಿಗೆ 4 ಅಡಿ ಕಿಟಕಿಯಾದರೆ ಗಾಜೊಂದೇ 18 ಕೆ.ಜಿ.ಗಿಂತ ಹೆಚ್ಚು. ಮೇಲಿನ ಮಹಡಿಯಲ್ಲಿ ಅದು ಕೈಜಾರಿದರೆ ಕೆಳಗೆ ನಿಂತವರ ಜೀವಕ್ಕೇ ಅಪಾಯ. ಹಳೆಯ ಚೌಕಟ್ಟಿನ ಜೊತೆ ಸರಳುಗಳೂ ಹೋಗುವುದರಿಂದ, ಹೊಸ ಗ್ರಿಲ್ ಬರುವವರೆಗೆ ಮಕ್ಕಳಿಗೆ ಅಲ್ಲಿ ತಡೆಯೂ ಇರುವುದಿಲ್ಲ. ಮಹಡಿಯ ಕಿಟಕಿ, ದೊಡ್ಡ ಗಾಜು, ಬಿರುಕು ಬಿಟ್ಟ ಗೋಡೆ, ಈ ಮೂರರಲ್ಲಿ ಒಂದಿದ್ದರೂ ಕೆಲಸ ಬಲ್ಲವರನ್ನು ಕರೆಯಿರಿ. ಅಳತೆಯನ್ನು ಮಾತ್ರ ನೀವೂ ಒಮ್ಮೆ ತೆಗೆದು, ಅವರ ಅಳತೆಯ ಜೊತೆ ಹೋಲಿಸಿ ನೋಡಿ.