ದಿವ್ಯವಾಣಿಯ ವಾದಕ್ಕೆ ಒರೆಗಲ್ಲು ಯಾವುದು?

ತನಗೆ ದೇವನಿಂದ ವಾಣಿ ಬರುತ್ತಿದೆಯೆಂದು ಸಾರಿದವರು ಇತಿಹಾಸದಲ್ಲಿ ಅನೇಕರಿದ್ದಾರೆ. ಅವರಲ್ಲಿ ಯಾರನ್ನು ನಂಬಬೇಕು, ಏಕೆ ನಂಬಬೇಕು ಎಂದು ನಮ್ಮ ಮಕ್ಕಳು ಕೇಳುತ್ತಾರೆ. ನಾವು ಮುಸ್ಲಿಮ್ ಮನೆಯಲ್ಲಿ ಹುಟ್ಟಿದ್ದೇವೆ ಎಂಬುದು ಇದಕ್ಕೆ ಉತ್ತರವಾಗಲಾರದು. ಪೂರ್ವಿಕರ ಅಂಧಾನುಕರಣೆಯನ್ನು ಪವಿತ್ರ ಕುರ್‌ಆನೇ ಖಂಡಿಸಿದೆ.

ರೋಮನ್ ಚಕ್ರವರ್ತಿ ಹಿರಕ್ಲನೂ ಇದೇ ಪ್ರಶ್ನೆಯನ್ನು ಎತ್ತಿದ್ದನು. ಕ್ರಿ.ಶ. 628ರ ಹುದೈಬಿಯಾ ಒಪ್ಪಂದದ ಬಳಿಕ ವ್ಯಾಪಾರಕ್ಕೆಂದು ಶಾಮ್‌ಗೆ ಹೋಗಿದ್ದ ಅಬೂಸುಫ್ಯಾನ್‌ರನ್ನು ಆತನು ಕರೆಸಿ ವಿಚಾರಿಸಿದನೆಂದು ಸಹೀಹ್ ಬುಖಾರಿಯಲ್ಲಿದೆ. ಅಬೂಸುಫ್ಯಾನ್ ಆಗ ಪ್ರವಾದಿವರ್ಯರ(ಸ) ವಿರೋಧಿ. ಆದರೂ, ಪ್ರವಾದಿತ್ವದ ಘೋಷಣೆಗೆ ಮೊದಲು ಅವರ ಮೇಲೆ ಸುಳ್ಳಿನ ಆರೋಪವಿತ್ತೇ ಎಂದು ಕೇಳಿದಾಗ, ಇಲ್ಲವೆಂದೇ ಹೇಳಬೇಕಾಯಿತು. ಜನರೊಡನೆ ಸುಳ್ಳಾಡದವರು ದೇವನ ಹೆಸರಿನಲ್ಲಿ ಸುಳ್ಳಾಡಲಾರರು ಎಂದು ಚಕ್ರವರ್ತಿ ತರ್ಕಿಸಿದನು.

ಇನ್ನೊಂದು ಒರೆಗಲ್ಲೂ ಇದೆ. ಸುಳ್ಳಿನಿಂದ ಲಾಭವಾಗುವ ಗಳಿಗೆಯಲ್ಲಿ ಆ ವ್ಯಕ್ತಿ ಹೇಗೆ ನಡೆದುಕೊಂಡನು ಎಂಬುದೇ ಅದು.

ಯಮಾಮದ ಮುಸೈಲಿಮನು ತಾನೂ ಪ್ರವಾದಿಯೆಂದು ಸಾರಿ, ಭೂಮಿಯಲ್ಲಿ ಅರ್ಧಪಾಲು ತನ್ನವರಿಗೆ, ಅರ್ಧಪಾಲು ಕುರೈಶರಿಗೆ ಎಂದು ಮದೀನಕ್ಕೆ ಪತ್ರ ಬರೆದನೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಮುಂದೆ ಅಬೂಬಕರ್(ರ)ರ ಕಾಲದಲ್ಲಿ ಯುದ್ಧದಲ್ಲಿ ಆತನು ಹತನಾದನು. ಆದರೆ ಸೋಲು ಸುಳ್ಳಿಗೆ ಪುರಾವೆಯಲ್ಲ. ಸತ್ಯಪ್ರವಾದಿಗಳನ್ನೂ ಜನರು ಕೊಂದದ್ದುಂಟು. ಆತನ ವಾದದ ಹುಳುಕು ಆ ಪತ್ರದಲ್ಲಿಯೇ ಇದೆ: ದಿವ್ಯವಾಣಿಯ ಹೆಸರೆತ್ತಿದವನು ಕೇಳಿದ್ದು ರಾಜ್ಯದಲ್ಲಿ ಪಾಲು.

ಇತ್ತ ಮದೀನದಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಖಗೋಳ ಗಣನೆಯಂತೆ ಅದು ಕ್ರಿ.ಶ. 632ರ ಜನವರಿ 27. ಮಗುವಿನ ಮರಣಕ್ಕಾಗಿ ಸೂರ್ಯನೇ ಮಂಕಾದನೆಂದು ಜನರು ಆಡಿಕೊಂಡರು. ಸುಮ್ಮನಿದ್ದಿದ್ದರೂ ಸಾಕಿತ್ತು, ಅದೊಂದು ಪವಾಡವಾಗಿಬಿಡುತ್ತಿತ್ತು. ಆದರೆ ಶೋಕದ ನಡುವೆಯೂ ಅವರು ನಮಾಝ್ ನಿರ್ವಹಿಸಿ, ಯಾರ ಹುಟ್ಟು ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು ತಿಳಿಸಿದರು.

ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲಾದಾಗ ಸುಮಾರು ಒಂದು ತಿಂಗಳು ಆ ವಿಷಯದಲ್ಲಿ ದಿವ್ಯವಾಣಿ ಬರಲಿಲ್ಲ. ವಾಣಿ ಸ್ವಂತ ರಚನೆಯಾಗಿದ್ದರೆ, ಮನೆಯ ಮಾನ ಬೀದಿಗೆ ಬಿದ್ದಿರುವಾಗ ಯಾರು ತಾನೇ ತಿಂಗಳು ಕಾಯುತ್ತಿದ್ದರು?

ಆದ್ದರಿಂದ ಮಕ್ಕಳ ಪ್ರಶ್ನೆಯನ್ನು ಗದರಿಸಿ ಅಡಗಿಸದಿರೋಣ. ಈ ಘಟನೆಗಳನ್ನು ಅವರ ಮುಂದಿಡೋಣ. ಇತರರ ಆರಾಧ್ಯರನ್ನು ನಿಂದಿಸಬಾರದೆಂಬ ಕುರ್‌ಆನಿನ ಆಜ್ಞೆಯನ್ನೂ ಜೊತೆಯಲ್ಲೇ ಕಲಿಸೋಣ.