ಹಳೆಯ ಮೋಜಣಿ ಉಪಕರಣಗಳು: ಕಾಲನಿರ್ಣಯ ಹೇಗೆ?

ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತ್ರಿಕೋನಮಿತಿ ಮೋಜಣಿಗಾಗಿ ಆಧಾರರೇಖೆಯನ್ನು ಅಳೆದನು. ಆ ಕಾಲದಿಂದ ಈ ನಾಡಿಗೆ ಬಂದ ಹಿತ್ತಾಳೆಯ ಥಿಯೊಡೊಲೈಟ್, ಲೆವೆಲ್ ಮೊದಲಾದ ಉಪಕರಣಗಳಿಗೆ ಇಂದು ಸಂಗ್ರಾಹಕರಲ್ಲಿ ಬೇಡಿಕೆಯಿದೆ. ಆದರೆ ಮಾರಾಟಕ್ಕೆ ಮುನ್ನ ಅವುಗಳ ವಯಸ್ಸು ತಿಳಿಯುವುದು ಅಗತ್ಯ. 1972ರ ಪುರಾತನ ವಸ್ತುಗಳ ಕಾಯ್ದೆಯು ಗತಕಾಲದ ವಿಜ್ಞಾನವನ್ನು ನಿದರ್ಶಿಸುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳಿಗೂ ಅನ್ವಯಿಸುತ್ತದೆ. ಅವುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ವ್ಯಾಪಾರ ನಡೆಸಲು ಪರವಾನಗಿ ಬೇಕು.

ತಯಾರಕರ ಹೆಸರು

ಮೊದಲು ನೋಡಬೇಕಾದುದು ಉಪಕರಣದ ಮೇಲೆ ಕೆತ್ತಿದ ಹೆಸರನ್ನು. ಲಂಡನ್ನಿನ ಎಡ್ವರ್ಡ್ ಟ್ರೌಟನ್ ಮತ್ತು ವಿಲಿಯಂ ಸಿಮ್ಸ್ ಪಾಲುದಾರರಾದದ್ದು 1826ರಲ್ಲಿ. ಈ ಸಂಸ್ಥೆ 1922ರಲ್ಲಿ ಯಾರ್ಕ್ ನಗರದ ಕುಕ್ ಸಂಸ್ಥೆಯೊಡನೆ ಸೇರಿ 'ಕುಕ್, ಟ್ರೌಟನ್ ಅಂಡ್ ಸಿಮ್ಸ್' ಆಯಿತು. ಬ್ರಿಟಿಷ್ ಸಂಸ್ಥೆಯ ಹೆಸರಿನ ಕೊನೆಗೆ 'ಲಿಮಿಟೆಡ್' ಎಂದಿದ್ದರೆ ಸಾಮಾನ್ಯವಾಗಿ ಅದು 1855ರ ಸೀಮಿತ ಹೊಣೆಗಾರಿಕೆ ಕಾಯ್ದೆಯ ನಂತರದ್ದು. ಕೆತ್ತಿದ ಹೆಸರು ಕೆಲವೊಮ್ಮೆ ತಯಾರಕರದ್ದಾಗಿರದೆ ಮಾರಾಟಗಾರರದ್ದಾಗಿರುವುದೂ ಉಂಟು.

ರಚನೆ ಮತ್ತು ಲೋಹ

ವಿಲಿಯಂ ಗ್ರಾವಟ್ ಡಂಪಿ ಲೆವೆಲನ್ನು ರೂಪಿಸಿದ್ದು 1832ರಲ್ಲಿ. ಆದ್ದರಿಂದ ಆ ಬಗೆಯ ಲೆವೆಲ್ ಅದಕ್ಕಿಂತ ಹಳೆಯದಾಗಿರಲಾರದು. ಅಗ್ಗದಲ್ಲಿ ಅಲ್ಯೂಮಿನಿಯಂ ತಯಾರಿಸುವ ವಿಧಾನ ದೊರೆತದ್ದು 1886ರಲ್ಲಿ. ಈ ಲೋಹದ ಭಾಗಗಳಿದ್ದರೆ ಉಪಕರಣ ಬಹುತೇಕ ಆ ನಂತರದ್ದು. ನಾಭಿ ಹೊಂದಿಸುವಾಗ ನಳಿಗೆಯೇ ಹಿಂದೆ ಮುಂದೆ ಚಲಿಸುವ ದೂರದರ್ಶಕ ಹಳೆಯ ಮಾದರಿಯದು. ಒಳಗಿನ ಮಸೂರ ಮಾತ್ರ ಚಲಿಸುವ ಮಾದರಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಕೋನ ಓದಲು ಗಾಜಿನ ವೃತ್ತವಿರುವ ಸ್ವಿಸ್ 'ವೈಲ್ಡ್' ಥಿಯೊಡೊಲೈಟುಗಳು 1920ರ ದಶಕದವು ಅಥವಾ ನಂತರದವು.

ದಾರಿ ತಪ್ಪಿಸುವ ಗುರುತುಗಳು

ದುರಸ್ತಿಯ ವೇಳೆ ತಿರುಪು, ಮಸೂರ, ಮುಕ್ಕಾಲಿಗಳು ಬದಲಾಗಿರಬಹುದು. ಆದ್ದರಿಂದ ಒಂದೇ ಭಾಗವನ್ನು ನಂಬಿ ತೀರ್ಮಾನಿಸಬಾರದು. ಬ್ರಿಟಿಷರ ಅಗಲ ಬಾಣದ ಮುದ್ರೆ ಸರ್ಕಾರಿ ಸ್ವತ್ತೆಂಬುದನ್ನು ಸೂಚಿಸುತ್ತದೆಯೇ ಹೊರತು ಇಸವಿಯನ್ನಲ್ಲ. ಹಿತ್ತಾಳೆಯನ್ನು ಉಜ್ಜಿ ಹೊಳಪು ಮಾಡಿಸಿದರೆ ಮೂಲ ಅರಗಿನ ಲೇಪ ಹೋಗುತ್ತದೆ, ಸೂಕ್ಷ್ಮ ಕೆತ್ತನೆಯೂ ಸವೆಯುತ್ತದೆ. ಮರದ ಪೆಟ್ಟಿಗೆ, ಅದರೊಳಗಿನ ಚೀಟಿ, ಉಪಕರಣದ ಕ್ರಮಸಂಖ್ಯೆ ಇವೆಲ್ಲ ಸಾಕ್ಷ್ಯಗಳು. ಇವನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಅಂತಿಮ ತೀರ್ಮಾನ

'ಟ್ರೌಟನ್ ಅಂಡ್ ಸಿಮ್ಸ್' ಎಂದಷ್ಟೇ ಕೆತ್ತಿದ ಡಂಪಿ ಲೆವೆಲ್ ದೊರೆತರೆ ಅದು 1832 ಮತ್ತು 1922ರ ನಡುವಿನದೆಂದು ಹೇಳಬಹುದು. ಅಂದರೆ ಅದಕ್ಕೆ ನೂರು ವರ್ಷ ತುಂಬಿದೆ. ಹೆಸರಿನಲ್ಲಿ 'ಕುಕ್' ಕೂಡ ಸೇರಿದ್ದರೆ ಹೆಸರೊಂದರಿಂದಲೇ ನಿರ್ಧಾರ ಅಸಾಧ್ಯ. ಕ್ರಮಸಂಖ್ಯೆ ಮತ್ತು ಖರೀದಿಯ ದಾಖಲೆಗಳ ನೆರವು ಬೇಕಾಗುತ್ತದೆ. ವಸ್ತು ಪುರಾತನವೇ ಅಲ್ಲವೇ ಎಂಬ ಪ್ರಶ್ನೆ ಎದ್ದಾಗ ತೀರ್ಮಾನಿಸುವ ಅಧಿಕಾರ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ ಅಥವಾ ಅವರು ಅಧಿಕಾರ ನೀಡಿದ ಹಿರಿಯ ಅಧಿಕಾರಿಗೆ ಸೇರಿದೆ.